ಆರನೇ ಟೇಬಲ್

ಕರೆಂಟ್ ಹೋಗಿದೆ, ಬಾಗಿಲು ಮುಂದಕ್ಕೆ ಎಳೆದು ಕೂತುಕೊಳ್ಳಿ... ಹೇಳುತ್ತೇನೆ. ನಮ್ಮ ಬಾಜೂ ಮನೆಯ ಸುರೇಶಕುಮಾರನಿಗೆ ಆದದ್ದು ಇದು.

ಶಹಾಬಾದಿನಲ್ಲಿ ನನ್ನದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಧಂದೆ. ಸುರೇಶನ ಹೆಂಡತಿ ಲುಂಬಿನಿ ನನ್ನ ಪಾಲಿಶ್ ಮಷೀನಿನ ಮೇಲೆ ಕೆಲಸಕ್ಕಿದ್ದಳು. ಅವನಿಗೆ ಕಲ್ಲಿನ ಕೆಲಸಗಾರರ ಕೆಮ್ಮಿನ ಸರ್ವೆಯಲ್ಲಿ ಕಂಪ್ಯೂಟರ್ ಕೆಲಸ. ಸರ್ವೆಯಲ್ಲಿ ಹೆಸರು ಬಂದವರಿಗೆ ದವಾಖಾನೆಯಿಂದ ಕರೆ ಬರುತ್ತಿತ್ತು. ಆದರೆ ನಾವು ಮಾಲೀಕರು ಅಂಥವರನ್ನು ಮತ್ತೆ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಧಂದೆ ಅಂದರೆ ಹಾಗೇ. ಅದಕ್ಕೇ ಅವನು ಕೆಮ್ಮುತ್ತಿದ್ದ ಹೆಂಡತಿಯ ಹೆಸರು ಬರೆಯಲಿಲ್ಲ.

ಆ ರಾತ್ರಿ ಕೊನೆಯ ಬಸ್ಸಿಳಿದು ಹಳೆ ಖಣಿಯ ದಂಡೆ ಹಿಡಿದು ಬರುತ್ತಿದ್ದ. ಕಲ್ಲು ತೆಗೆದು ಬಿಟ್ಟ ಖಣಿ, ಈಗ ನೀರು ತುಂಬಿ ಬಾವಿಯಾಗಿದೆ. ಆ ನೀರಿನ ಕೆಳಗಿನಿಂದ... ಚರ್‌ರ್... ಪಾಲಿಶ್ ಚಕ್ರ ಕಲ್ಲಿಗೆ ತಾಗಿದ ಸಪ್ಪಳ. ಅವನು ನಿಂತ. ಸಪ್ಪಳವೂ ನಿಂತಿತು.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದ. ಊರಿಗೊಂದು ಟೇಬಲ್, ಅಂದರೆ ಸಾಲು ಸಾಲಾಗಿ ಬರೆದಿಡುವ ಕೋಷ್ಟಕ, ಎಲ್ಲ ಒಂದೇ ಫೈಲಿನಲ್ಲಿ. ಒಳಗೆ ಯಾವ ಯಾವ ಟೇಬಲ್ ಇವೆ ಎಂದು ಮೊದಲು ಕೇಳಬೇಕಂತೆ, ಆ ಸಾಫ್ಟ್‌ವೇರ್ ಹೆಸರಿನ ಪಟ್ಟಿ ಕೊಡುತ್ತದೆ. ಕೊಟ್ಟಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ... ಲುಂಬಿನಿ.

ತೆರೆದರೆ ಬರೀ ತಾರೀಖು, ವೇಳೆ. ಸಾಲಿನ ಕೆಳಗೆ ಸಾಲು. ಒಳಕೋಣೆಯಲ್ಲಿ ಅವಳು ಕೆಮ್ಮಿದಳು. ಖೊಕ್... ಖೊಕ್. ಮುಚ್ಚಿ ಮತ್ತೆ ತೆರೆದ. ಎರಡು ಸಾಲು ಹೆಚ್ಚಾಗಿದ್ದವು.

ಅವಳು ಎದ್ದು ಬಂದು ಹಿಂದೆ ನಿಂತಳು. ಮೆಲ್ಲಗೆ ಕೇಳಿದಳು.

"ಕೆಮ್ಮಿಗೂ ಹಾಜರಿ ಹಾಕ್ಲಿಕತ್ತೀರೇನ್ರಿ?"

"ನಾ ಬರದಿಲ್ಲ..."

"ಮತ್ತ ಯಾರ್ ಬರದಾರ? ಸಾವ್ಕಾರ್ ನೋಡಿದ್ರ ನಾಳಿಂದ ಮನ್ಯಾಗ ಕುಂದ್ರಸ್ತಾನ. ತೆಗದ್ ಹಾಕ್ರಿ."

ಸಾವ್ಕಾರ ಅಂದರೆ ನಾನು.

ಎಂಟರ್ ಗುಂಡಿ ಒತ್ತಿ ಆ ಟೇಬಲ್ ಅಳಿಸಿದ. ಮತ್ತೆ ಪಟ್ಟಿ ಕೇಳಿದ. ಐದೇ ಹೆಸರು.

ಕೆಮ್ಮು ನಿಂತಿತು. ಎರಡು ವರ್ಷದಲ್ಲಿ ಮೊದಲ ಸಲ ಆ ಮನೆ ಸುಮ್ಮನಿತ್ತು, ನಡುಗೋಡೆಯ ಈಚೆ ಮಲಗಿದ ನನಗೂ ಅದು ಗೊತ್ತಾಯಿತು. ಅವನಿಗೆ ಭಾಳ ಒಳ್ಳೆಯ ನಿದ್ದೆ ಹತ್ತಿತಂತೆ. ಬೆಳಿಗ್ಗೆ ಚಹಾಕ್ಕೆ ಎಬ್ಬಿಸಲು ಹೋದರೆ... ಅವಳ ಮೈ ತಣ್ಣಗಿತ್ತು.

ಮಣ್ಣು ಮಾಡಿ ಬಂದವನು ಲುಂಬಿನಿ ಎಂದು ಹೊಸ ಟೇಬಲ್ ಮಾಡಿ ಅದೇ ಫೈಲಿನಲ್ಲಿ ಇಟ್ಟ. ಒಂದು ಸಲವಲ್ಲ, ಒಂಬತ್ತು ಸಲ. ಪಟ್ಟಿ ಕೇಳಿದರೆ ಐದೇ. ಈಗಲೂ ದಿನಾ ಕೇಳುತ್ತಾನೆ. ಐದೇ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಾನೇನು ಮಾರಲು ಕೂತಿಲ್ಲ. ನಾಲ್ಕನೇ ದಿನ ಅವನು ಕರೆದ, ಹೋಗಿ ಕಣ್ಣಾರೆ ನೋಡಿದೆ. ಲ್ಯಾಪ್‌ಟಾಪಿನ ಎಂಟರ್ ಗುಂಡಿಯ ಮೇಲೆ, ಅದೊಂದರ ಮೇಲೆ ಮಾತ್ರ, ಬೂದುಬಣ್ಣದ್ದೇನೋ ಮೆತ್ತಿಕೊಂಡಿತ್ತು. ದಿನಾ ಒರೆಸುತ್ತೇನೆ, ಬೆಳಿಗ್ಗೆ ಮತ್ತೆ ಇರುತ್ತದೆ ಅಂದ. ಸಿಮೆಂಟ್ ಧೂಳಿರಬೇಕೆಂದು ಬೆರಳಿಗೆ ಹಚ್ಚಿ ತಿಕ್ಕಿದೆ. ಮೂವತ್ತು ವರ್ಷ ಕಲ್ಲು ಮಾರಿದವನಿಗೆ ಗೊತ್ತಾಗುವುದಿಲ್ಲವೇ? ಅದು ಪಾಲಿಶ್ ಕೆಸರು, ಮಷೀನಿನಲ್ಲಿ ಕಲ್ಲು ಉಜ್ಜುವಾಗ ನೀರಿನ ಜೊತೆ ಇಳಿಯುವಂಥದ್ದು. ಅವಳು ಹೋದಾಗಿನಿಂದ ನನ್ನ ಮಷೀನು ಬಂದ್ ಇತ್ತು.

ಕೆಸರು ಇನ್ನೂ ಹಸಿ ಇತ್ತು.