ಅಣ್ಣಯ್ಯನ ಬೆರಳು

ತಂಗಿ ಪುಟ್ಟತಾಯಿಯ ಸಕ್ಕರೆ ಕಾಯಿಲೆಯ ಅಂಕಿ ಏಳರ ಕೆಳಗೆ ಇಳಿದ ದಿನ ತಾನೂ ಪರೀಕ್ಷೆಗೆ ಬೆರಳು ಕೊಡುತ್ತೇನೆಂದು ಜಡೆಮಾದಯ್ಯ ಐದು ವರ್ಷದ ಹಿಂದೆ ಮಾದಪ್ಪನ ಬೆಟ್ಟದಲ್ಲಿ, ಲಾಡು ಮೆಲ್ಲುತ್ತಲೇ ಮಾತು ಕೊಟ್ಟಿದ್ದ. ಆಗ ಅವಳದು ಹತ್ತೂವರೆ. ಆ ದಿನ ಬರುವುದೇ ಇಲ್ಲವೆಂದು ಅವನ ಧೈರ್ಯ. ಇವತ್ತು ಕಾಮಗೆರೆಯ ಆಸ್ಪತ್ರೆಯಲ್ಲಿ ಪುಟ್ಟತಾಯಿ ಬೆಂಚಿನವರಿಗೆಲ್ಲ ಕೇಳುವಂತೆ ಚೀಟಿ ಓದಿದಳು.

“ಆರು ಪಾಯಿಂಟ್ ಆರು! ನೋಡ್ಕೊ ಅಣ್ಣಯ್ಯ.”

“ಸ್ವಾಮಾರ ಉಪಾಸ ಇದ್ದು ಬಂದಿದ್ದೀಯ ಕಣಮ್ಮಿ. ಅದ್ಕೇ ಇಳ್ದದೆ.”

“ಅಂಗ್ ಮಾಡೇ ಮೊದ್ಲು ಡಾಕ್ಟ್ರ ಕೈಗೆ ಸಿಕ್ಕಾಕಂಡಿದ್ದೆ. ಇದು ಮೂರು ತಿಂಗ್ಳಿಂದ ಎಂಗಿದ್ದೆ ಅಂತ ಯೋಳೋ ಪರೀಕ್ಷೆ. ಒಂದಿನದ ಉಪಾಸ ಇಲ್ಲಿ ನಡಿಯಾಕಿಲ್ಲ.”

“ಮುದ್ದೆ ಬುಟ್ಬುಟ್ಯಾ?”

“ಅರ್ಧ ಮುದ್ದೆ, ತಟ್ಟೆ ತುಂಬ ಸೊಪ್ಪು, ತಪ್ಪದೆ ಮಾತ್ರೆ. ದಿನಾ ಕೆರೆ ಏರಿ ಮ್ಯಾಲೆ ನಡ್ಗೆ. ‘ಏರಿ ಅಳೆಯಕ್ ಓಯ್ತಾವ್ಳೆ’ ಅಂತ ನೀನೇ ಆಡ್ಕತಿದ್ದೆ.”

“ನಂಗೇನಾಗದೆ? ಗುಂಡುಕಲ್ಲಿದ್ದಂಗಿವ್ನಿ.”

“ಗುಂಡುಕಲ್ಲಿನ ಕಾಲ್ಗಾಯ ಎರಡು ತಿಂಗ್ಳಾದ್ರೂ ಯಾಕೆ ಮಾಗ್ನಿಲ್ಲ?”

ಅಣ್ಣ ಗಾಯ ಮುಚ್ಚುವಂತೆ ಪಂಚೆಯಂಚನ್ನು ಕೆಳಗೆಳೆದುಕೊಂಡ.

“ಸೂಜಿ ದಪ್ಪ ಇರ್ತದಾ?”

“ಊರ ಎತ್ತಿಗೆಲ್ಲ ಮೂಗು ಚುಚ್ಚೋನು ಕೇಳೋ ಮಾತಾ ಇದು? ನಡಿ ನಡಿ!”

ಬೆಂಚೆಲ್ಲ ನಕ್ಕಿತು. ಚೀಟಿಯನ್ನು ಬಾವುಟದಂತೆ ಹಿಡಿದು ಅವಳು ಮುಂದೆ, ಕುಂಟುತ್ತ ಅವನು ಹಿಂದೆ, ಇಬ್ಬರೂ ಒಳಗೆ ಹೋದರು.

ಜಡೆಮಾದಯ್ಯ ಬೆರಳು ಕೊಟ್ಟ.