ಬೀರುವಿನಲ್ಲಿ ಭದ್ರವಾಗಿದ್ದ ತಾಯಿ ಕಾರ್ಡು

ಅಧ್ಯಕ್ಷರಾದ ಬೆಳ್ಳಿಯಪ್ಪನವರೇ, ವೇದಿಕೆಯ ಮೇಲಿನ ಗಣ್ಯರೇ, ನಮ್ಮನ್ನು ಬಿಟ್ಟು ಮಾಕುಟ್ಟದ ಕಡೆಗೆ ವರ್ಗವಾಗಿ ಹೊರಟಿರುವ ನಮ್ಮ ನರ್ಸ್ ಸೌಮ್ಯ ಸಿಸ್ಟರ್ ಅವರೇ, ಕಾಫಿ ಪಿಕ್ಕಿಂಗ್ ಬೇಗ ಮುಗಿಸಿ ಬಂದ ಕೂಲಿ ಲೈನಿನ ತಾಯಂದಿರೇ, ಭಾಷಣ ಮುಗಿದರೆ ತಿಂಡಿ ಇದೆ ಎಂದು ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ನಾನು ಮೊಣ್ಣಪ್ಪ. ಈ ಎಸ್ಟೇಟಿನಲ್ಲಿ ಇಪ್ಪತ್ತಾರು ವರ್ಷದಿಂದ ಲೆಕ್ಕ ಬರೆಯುವ ರೈಟರ್. ಎರಡೇ ಮಾತು ಸಾಕು ಎಂದು ಅಧ್ಯಕ್ಷರು ಹೇಳಿದ್ದಾರೆ. ದಿನಾ ಬೆಳಿಗ್ಗೆ ಇನ್ನೂರು ಹೆಸರು ಕೂಗಿ ಹಾಜರಿ ಹಾಕುವವನು ಎರಡು ಮಾತಿಗೆ ನಿಲ್ಲುವುದುಂಟೇ?

ನನ್ನ ಶಿಸ್ತು ನಿಮಗೆಲ್ಲ ಗೊತ್ತು. ಬಸುರಿಯರ ತಪಾಸಣೆ, ಔಷಧಿ ಎಲ್ಲವನ್ನೂ ಬರೆದಿಡುವ ತಾಯಿ ಕಾರ್ಡನ್ನು ಲೈನಿನ ಮನೆಯಲ್ಲಿಟ್ಟರೆ ಇಲಿ ಕಡಿಯುತ್ತದೆ, ನೀರು ಬೀಳುತ್ತದೆ. ಹಾಗಾಗಿ ಎಲ್ಲರ ಕಾರ್ಡೂ ನನ್ನ ಆಫೀಸಿನ ಬೀರುವಿನಲ್ಲಿ, ಬೀಗದ ಕೈ ನನ್ನ ಜೇಬಿನಲ್ಲಿ. ಒಂದು ಕಾರ್ಡಾದರೂ ಕಳೆದಿದೆಯೇ? ಇಲ್ಲ. "ಅಣ್ಣಾ, ಕಾರ್ಡು ಅವರವರ ಕೈಯಲ್ಲೇ ಇರಲಿ" ಎಂದು ಸಿಸ್ಟರ್ ಎಷ್ಟು ಸಲ ಹೇಳಿದರು! ನಾನು ಕೇಳಿದೆನೇ? ಅದೂ ಇಲ್ಲ.

ಎರಡು ವರ್ಷದ ಹಿಂದೆ ನಮ್ಮ ಲೈನಿನ ದೊಡ್ಡಿ, ಮನುವಿನ ಹೆಂಡತಿ, ಏಳು ತಿಂಗಳ ಬಸುರಿ. ಉರಿಮೂತ್ರ ಎಂದಳು. ಪರೀಕ್ಷೆಯಲ್ಲಿ ಗ್ರೂಪ್ ಬಿ ಸ್ಟ್ರೆಪ್ ಎಂಬ ರೋಗಾಣು ಸಿಕ್ಕಿತು. ಲೈನಿನಲ್ಲಿ ಗುಸುಗುಸು ಶುರುವಾದಾಗ ಸಿಸ್ಟರ್ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: "ಇದು ಕೊಳಕಿನಿಂದ ಬಂದದ್ದಲ್ಲ, ಯಾರ ತಪ್ಪೂ ಅಲ್ಲ. ಎಷ್ಟೋ ಜನರ ಹೊಟ್ಟೆಯೊಳಗೆ ಸುಮ್ಮನೆ ಇರುತ್ತೆ. ಸಕ್ಕರೆ ಕಾಯಿಲೆ ಇರೋ ನಮ್ಮ ರೈಟರ್ ಅಣ್ಣನಂಥವರಿಗೂ ಒಮ್ಮೊಮ್ಮೆ ತೊಂದರೆ ಕೊಡುತ್ತೆ." ಎಲ್ಲರೂ ನನ್ನ ಕಾಲಿನ ಹುಣ್ಣು ನೋಡಿ ನಕ್ಕರು. ನಾನೂ ನಕ್ಕೆ. ಮಾತ್ರೆಯಿಂದ ಉರಿ ಹೋದರೂ ರೋಗಾಣು ಮತ್ತೆ ಬರಬಹುದು, ಹೆರಿಗೆಯಲ್ಲಿ ಮಗುವಿಗೆ ತಗಲಬಹುದು, ಅದಕ್ಕೆ ನೋವು ಶುರುವಾದ ಕೂಡಲೇ ರಕ್ತನಾಳಕ್ಕೆ ಇಂಜೆಕ್ಷನ್ ಕೊಡಬೇಕು ಎಂದು ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದರು. ಆ ಕಾರ್ಡನ್ನು ನಾನು ಭದ್ರವಾಗಿ ಬೀರುವಿನಲ್ಲಿಟ್ಟೆ.

ದೊಡ್ಡಿಗೆ ನೋವು ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ತಿಂಗಳು ತುಂಬುವುದಕ್ಕೆ ಮೊದಲೇ. ಸಿಸ್ಟರ್ ತರಬೇತಿಗೆ ಹೋಗಿದ್ದರು. ನಾನು ಪೊನ್ನಂಪೇಟೆಯಲ್ಲಿ ಅಕ್ಕನ ಮಗಳ ಮದುವೆಯಲ್ಲಿದ್ದೆ.

ಆಸ್ಪತ್ರೆಯಿಂದ ದೊಡ್ಡಿಯ ಗಂಡ ಮನು ಫೋನ್ ಮಾಡಿದ. "ಸಾರ್, ಕಾರ್ಡ್ ಕೇಳ್ತಿದ್ದಾರೆ. ಕೆಂಪಲ್ಲಿ ಏನೋ ಬರ್ದಿದೆ ಅಂತ ಇವಳು ಹೇಳ್ತಾಳೆ. ಏನು ಸಾರ್ ಅದು?"

ಸಭಿಕರೇ, ಊಟಕ್ಕೆ ಎಲೆ ಹಾಕಿದ್ದರು. ನಾನು ಹೇಳಿದೆ: "ಉರಿಮೂತ್ರದ್ದು ಕಣೋ, ಅದು ಆವತ್ತೇ ವಾಸಿಯಾಯ್ತಲ್ಲ. ಕಾರ್ಡು ಭದ್ರವಾಗಿದೆ, ನಾಳೆ ಕೊಡ್ತೀನಿ."

ಇದನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ.

ಆ ಇಂಜೆಕ್ಷನ್ ಇಲ್ಲದೆಯೇ ಅವತ್ತು ಹೆರಿಗೆಯಾಯಿತು. ಮಾರನೆಯ ಬೆಳಿಗ್ಗೆ ಮಗು ಹಾಲು ಕುಡಿಯಲಿಲ್ಲ, ನರಳುತ್ತಾ ಉಸಿರಾಡುತ್ತಿತ್ತು. ತರಬೇತಿಯಿಂದ ಓಡಿ ಬಂದ ಸಿಸ್ಟರ್ ನನ್ನಿಂದ ಬೀಗದ ಕೈ ಕಿತ್ತುಕೊಂಡು, ಕಾರ್ಡ್ ತೆಗೆದು, ನಿಂತಲ್ಲಿಂದಲೇ ಡಾಕ್ಟರಿಗೆ ಫೋನಿನಲ್ಲಿ ಓದಿ ಹೇಳಿದರು. ಔಷಧಿ ಶುರುವಾಯಿತು. ಮಗುವನ್ನು ಮಡಿಕೇರಿಗೆ ಸಾಗಿಸಿದರು. ಹದಿನಾಲ್ಕು ದಿನ ಸಿಸ್ಟರ್ ಡ್ಯೂಟಿ ಮುಗಿಸಿ ಬಸ್ಸು ಹತ್ತಿ ಹೋಗಿ, ಗಾಜಿನಾಚೆಯಿಂದ ಆ ಮಗುವನ್ನು ನೋಡಿ ಬರುತ್ತಿದ್ದರು. ನಾನು ಒಂದು ದಿನವೂ ಹೋಗಲಿಲ್ಲ. ಹೆದರಿಕೆ.

ಮಗು ಉಳಿಯಿತು. ಲಿಖಿತಾ ಎಂದು ಹೆಸರಿಟ್ಟರು. ಆದರೆ ಕೆಂಪು ಬರಹ ವಾಸಿಯಾದ ಉರಿಮೂತ್ರದ್ದು ಎಂಬ ನನ್ನ ಮಾತನ್ನೇ ಮನು ನಂಬಿದ್ದ. ಲೈನಿನವರು ಏನು ಹೇಳಿದರು? ಸಿಸ್ಟರ್ ಆಸ್ಪತ್ರೆಗೆ ತಿಳಿಸಲಿಲ್ಲ, ಅವರಿಂದಲೇ ಹೀಗಾಯಿತು ಎಂದರು. ದೊಡ್ಡಿ ಎರಡು ವರ್ಷದಿಂದ ಅವರ ಮುಖ ನೋಡುವುದಿಲ್ಲ, ಮಗುವಿಗೆ ಚುಚ್ಚುಮದ್ದು ಹಾಕಿಸಲೂ ಸಿದ್ದಾಪುರಕ್ಕೆ ಹೋಗುತ್ತಾಳೆ. ಕಾರ್ಡು ಆಸ್ಪತ್ರೆಗೆ ತಲುಪದಿದ್ದದ್ದು ನನ್ನ ಬೀಗದಿಂದ ಎಂದು ಸಿಸ್ಟರಿಗೆ ಗೊತ್ತಿತ್ತು. ಅವರು ಬಾಯಿ ಬಿಟ್ಟರೇ? ಬಿಡಲಿಲ್ಲ. "ಅಣ್ಣಾ, ನೀವು ದಿನಾ ಅವರ ಹಾಜರಿ ಹಾಕೋರು. ನಿಮ್ಮ ಮೇಲಿನ ನಂಬಿಕೆ ಹೋದ್ರೆ ಕಷ್ಟ" ಎಂದರು. ಫೋನಿನ ಮಾತು ಮಾತ್ರ ಅವರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಸಿಸ್ಟರ್, ದಯವಿಟ್ಟು ಅಳಬೇಡಿ.

ಮನು, ಆವತ್ತು ಸುಳ್ಳು ಧೈರ್ಯ ಹೇಳಿದವನು ನಾನು. ದೊಡ್ಡಿ, ಬಾಗಿಲ ಹತ್ತಿರ ಮಗುವನ್ನು ಎತ್ತಿಕೊಂಡು ನಿಂತಿದ್ದೀಯ, ನನಗೆ ಕಾಣುತ್ತಿದೆ. ನೀನು ಬೈಯಬೇಕಾದದ್ದು ನನ್ನನ್ನು. ನಾಳೆ ಹಾಜರಿಯ ಹೊತ್ತಿಗೆ ಎಲ್ಲರ ಮುಂದೆ ಬೈಯಿ, ತಲೆ ತಗ್ಗಿಸಿ ನಿಲ್ಲುತ್ತೇನೆ. ಈಗ ಮಾತ್ರ ಮುಂದೆ ಬಾ. ಸಿಸ್ಟರ್ ನಿನ್ನ ಮಗಳನ್ನು ಗಾಜಿನಾಚೆಯಿಂದಲೇ ನೋಡಿದವರು, ಒಂದು ಸಲವೂ ಎತ್ತಿಕೊಂಡಿಲ್ಲ. ಅವರ ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ.

ದಾರಿ ಬಿಡಿ, ದಯವಿಟ್ಟು ಆ ಕುರ್ಚಿ ಸರಿಸಿ. ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ಋಣಿ. ನಮಸ್ಕಾರ.