ಪಟದ ಕೆಳಗಿನ ಹೆಸರು

ನಾಗರಕೋಯಿಲಿನ ಫೋಟೊ ಅಂಗಡಿಯಲ್ಲಿ ಕಾಯುತ್ತಿದ್ದ ರಾಜಕನಿಯ ಕಿವಿ ಪಕ್ಕದ ಬೆಂಚಿನ ಅತ್ತೆ ಸೊಸೆಯರ ಮಾತಿನ ಮೇಲಿತ್ತು. ಚಿತ್ರವೊಂದನ್ನು ಪ್ರದರ್ಶನಕ್ಕೆಂದು ಅಚ್ಚು ಹಾಕಿಸಲು ಬಂದವರು. ಸೊಸೆಯ ಫೋನಿನಲ್ಲಿ ಕನಕಾಂಬರದ ದಂಡೆಯೊಂದು ಎಣ್ಣೆಬಣ್ಣದಲ್ಲಿ ಬರೆದಂತೆ ಕಾಣುತ್ತಿತ್ತು.

“ಹೆಸರೇ ಹಾಕಿಲ್ವಲ್ಲೇ, ಪೊನ್ನರಸಿ?”

“ಬೇಡ ಅತ್ತೆ. ‘ನೀನು ತೆಗೆದಿದ್ದು ಬರೀ ಫೋಟೊ, ಚಿತ್ರ ಮಾಡಿದ್ದು ಕಂಪ್ಯೂಟರು’ ಅಂತಾರೆ ನಿಮ್ಮ ಮಗ.”

“ಹದಿನೈದು ದಿನ ಅದರ ಮುಂದೆ ಕೂತಿದ್ದು ಯಾರು?”

“ನಾನೇ. ಕುಂಚದ ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಎಸಳೆಸಳಿಗೂ ನೋಡಿ ನೋಡಿ ಹಾಕಿದೆ.”

“ಮತ್ತೆ? ಇಡ್ಲಿ ಬೇಯೋದು ಪಾತ್ರೇಲಿ. ತಿಂದವರು ಪಾತ್ರೇನ ಹೊಗಳ್ತಾರಾ? ಅವನಂತೂ ನನ್ನನ್ನೂ ಹೊಗಳಿಲ್ಲ, ಬಿಡು.”

ಸೊಸೆ ನಕ್ಕು ಎದ್ದು ಅಂಗಡಿಯವನ ಮೇಜಿನ ಬಳಿ ಹೋದಳು. “ಅಣ್ಣಾ, ಕೆಳಗೆ ಹೆಸರು ಸೇರಿಸಿ. ಚಿತ್ರ, ಪೊನ್ನರಸಿ. ಹೂ ಕಟ್ಟಿದವರು, ಇಸಕ್ಕಿಯಮ್ಮಾಳ್.”

“ನನ್ನದ್ಯಾಕೆ, ಹುಚ್ಚಿ! ದಿನಾ ನೂರು ಮೊಳ ಕಟ್ತೀನಿ, ಯಾರು ಹೆಸರು ಹಾಕ್ತಾರೆ?”

ಹಾಗೆನ್ನುತ್ತಲೇ ಅತ್ತೆ ಮೇಜಿನ ಮೇಲೆ ಬಗ್ಗಿ ಪರದೆಯನ್ನು ದಿಟ್ಟಿಸಿದರು. “ತಮ್ಮಾ, ಇಸಕ್ಕೀಲಿ ಎರಡು ಕ ಬರ್ಬೇಕು. ಒಂದು ಬಿಟ್ಟಿದ್ದೀಯ.”

ಸುರುಳಿ ಸುತ್ತಿದ ಚಿತ್ರದೊಂದಿಗೆ ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು. ಸೊಸೆ ಎರಡು ಸಲ ಕೈಚಾಚಿದರೂ ಅತ್ತೆ ಸುರುಳಿಯನ್ನು ಕೊಡಲಿಲ್ಲ.